ಮುಂದಿನ ಯುಗಾದಿಗೆ ಮೈಸೂರು

ಬೆಂಗಳೂರು ಬಿಟ್ಟು ಹೋದವರು ಎಲ್ಲೋ ಒಬ್ಬರು. ಬಿಟ್ಟು ಹೋಗುತ್ತಲೇ ಇರುವವರು ಬೀದಿಗಿಬ್ಬರು. ಹನುಮಂತನಗರದ ನಮ್ಮ ಅಡ್ಡರಸ್ತೆಯಲ್ಲಿ ಈ ಪೈಕಿ ಹಿರಿಯರೆಂದರೆ ರಾಯರು. ಬ್ಯಾಂಕಿನಿಂದ ನಿವೃತ್ತರಾದ ದಿನ, ಕೊರಳಿನ ಹಾರ ಇನ್ನೂ ತೆಗೆದಿರಲಿಲ್ಲ, ಗೇಟಿನ ಹತ್ತಿರವೇ ನಿಂತು "ಇನ್ನೇನಿಲ್ಲ ಸಾರ್, ಮುಂದಿನ ಯುಗಾದಿಗೆ ಮೈಸೂರು" ಎಂದು ಘೋಷಿಸಿದವರು. ಆಮೇಲೆ ಯುಗಾದಿಗಳು ಸಾಲಾಗಿ ಬಂದವು, ಬೇವನ್ನೂ ಬೆಲ್ಲವನ್ನೂ ತಿಂದದ್ದಾಯಿತು. ಲಾರಿ ಮಾತ್ರ ಬರಲಿಲ್ಲ. ಬೀದಿಯವರ ಬಾಯಲ್ಲಿ ಅವರೀಗ 'ಹೊರಟ ರಾಯರು'. ಹೊಸದಾಗಿ ಬಂದ ಬಾಡಿಗೆದಾರರು ಇದನ್ನು ಅವರ ಮನೆತನದ ಹೆಸರೆಂದೇ ನಂಬಿದ್ದಾರೆ.

ರಾಯರು ಬೆಂಗಳೂರನ್ನು ಬೈಯುವುದನ್ನು ಒಮ್ಮೆ ಕೇಳಬೇಕು. ಬೆಳಗಿನ ಆರೂವರೆಗೆ ನಂದಿನಿ ಬೂತಿನ ಮುಂದೆ ಹಾಲಿನ ಪ್ಯಾಕೆಟ್ ಕೈಗೆ ಬಂತೆಂದರೆ ಶುರು. "ಇದೂ ಒಂದು ಊರೇನ್ರೀ? ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಹಾಕ್ಕೊಂಡ ಹುಡುಗ ಈಚೆಗೆ ಬರೋ ಹೊತ್ತಿಗೆ ಪಿಂಚಣಿದಾರ ಆಗಿರ್ತಾನೆ." ಸಿಲ್ಕ್ ಬೋರ್ಡಿಗೂ ರಾಯರಿಗೂ ಏನು ಸಂಬಂಧ ಎಂದು ಕೇಳಬಾರದು. ಅವರ ಓಡಾಟದ ಸರಹದ್ದು ಈ ಕಡೆ ರಾಮಾಂಜನೇಯ ಗುಡ್ಡ, ಆ ಕಡೆ ಗಾಂಧಿ ಬಜಾರು. ಎರಡಕ್ಕೂ ನಡೆದೇ ಹೋಗುತ್ತಾರೆ. ಟ್ರಾಫಿಕ್ ಜಾಮನ್ನು ಅವರು ನೋಡುವುದು ರಾತ್ರಿ ಒಂಬತ್ತರ ವಾರ್ತೆಯಲ್ಲಿ, ಮೊಸರನ್ನದ ತಟ್ಟೆಯ ಮುಂದೆ ಕೂತು. ಹಾಗೆಂದು ಅವರ ಸಂಕಟ ಸುಳ್ಳೆಂದು ನಾನು ಹೇಳಲಾರೆ. ಪರರ ಕಷ್ಟಕ್ಕೆ ಇಷ್ಟು ನಿಯಮಿತವಾಗಿ ಮರುಗುವವರು ನಮ್ಮ ಬೀದಿಯಲ್ಲಿ ಬೇರೆ ಯಾರೂ ಇಲ್ಲ.

"ಈ ಸಾಫ್ಟ್‌ವೇರಿನೋರು ಬಂದ್ರು ನೋಡಿ, ಅಲ್ಲಿಗೆ ಊರು ಹಾಳಾಯ್ತು" ಎಂಬುದು ಅವರ ಇನ್ನೊಂದು ಸಿದ್ಧಾಂತ. ಥರ್ಟಿ ಫಾರ್ಟಿ ಸೈಟಿನ ಅವರ ಮನೆಯಲ್ಲಿ ಕೆಳಗೆ ರಾಯರು, ಮೇಲಿನ ಎರಡು ಮಹಡಿಯಲ್ಲಿ ಎರಡು ಸಾಫ್ಟ್‌ವೇರ್ ಸಂಸಾರ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದವರು. ತಿಂಗಳ ಐದರೊಳಗೆ ಬಾಡಿಗೆ ಬರುತ್ತದೆ. ಬೈಗುಳ ಆರನೇ ತಾರೀಕಿನಿಂದ.

2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ನೀರಿಗೆ ಸರಕಾರವೇ ದರ ನಿಗದಿ ಮಾಡಬೇಕಾಗಿ ಬಂತಲ್ಲ, ಆಗ ರಾಯರ ಮಾತಿಗೆ ನಿಜವಾಗಿಯೂ ತೂಕ ಬಂದಿತ್ತು. ನಮ್ಮ ಬೀದಿಗೆ ಕಾವೇರಿ ನೀರು ಬಿಡುವ ದಿನ ಬಿಡುತ್ತಲೇ ಇದ್ದರು, ಕಷ್ಟ ಬಂದದ್ದು ಊರಂಚಿನವರಿಗೆ. ಆದರೂ ರಾಯರು ಎರಡು ನೀಲಿ ಡ್ರಮ್ಮು ತಂದು ತುಂಬಿಸಿಟ್ಟು, ಅದಕ್ಕೆ ಒರಗಿ ನಿಂತು ವಾದ ಹೂಡಿದರು: "ಕಾವೇರಿ ನಮ್ಮನೆ ನಲ್ಲೀಗೆ ಬರಬೇಕಾದ್ರೆ ನೂರು ಕಿಲೋಮೀಟರು ಪಂಪಿನಲ್ಲಿ ಹತ್ತಿಕೊಂಡು ಬರಬೇಕು ಸ್ವಾಮೀ. ಆಯಮ್ಮಂಗೆ ಯಾಕೆ ಆ ಕಷ್ಟ? ನಾವೇ ಇಳಿದು ಹೋಗಿಬಿಟ್ರೆ ಆಯ್ತಲ್ಲ!" ಈ ವಾದದಲ್ಲಿ ಲೋಪ ಹುಡುಕಲು ನನ್ನಿಂದ ಆಗಲಿಲ್ಲ. ಆದರೆ ಮೇ ತಿಂಗಳಲ್ಲಿ ಮಳೆ ಬಂತು. ಈಗ ಒಂದು ಡ್ರಮ್ಮಿನಲ್ಲಿ ಹಳೇ ಪೇಪರಿದೆ, ಇನ್ನೊಂದರಲ್ಲಿ ದೊಡ್ಡಪತ್ರೆ ಹುಲುಸಾಗಿ ಬೆಳೆದಿದೆ.

ರಾಯರನ್ನು ಬಾಯಿಬಡುಕರೆಂದು ತಳ್ಳಿಹಾಕುವ ಹಾಗಿಲ್ಲ, ಅವರ ಹತ್ತಿರ ದಾಖಲೆ ಇದೆ. ಬ್ಯಾಂಕಿನವರು ಹೊಸ ವರ್ಷಕ್ಕೆ ಕೊಟ್ಟ ರೆಕ್ಸಿನ್ ಹೊದಿಕೆಯ ಹಳೇ ಡೈರಿ. ಜೀವಮಾನವೆಲ್ಲ ಸಾಲದ ಅರ್ಜಿಗಳನ್ನು ಅಳೆದು ತೂಗಿದ ಕೈ. ಊರಿಗೊಂದು ಪುಟ ತೆಗೆದು, ನಡುವೆ ಸ್ಕೇಲಿಟ್ಟು ಗೆರೆ ಎಳೆದು, ಎಡಕ್ಕೆ 'ಜಮಾ' ಬಲಕ್ಕೆ 'ಖರ್ಚು' ಎಂದು ಬರೆದಿದ್ದಾರೆ. ಕರ್ನಾಟಕದ ಒಂದು ಊರೂ ಈ ಡೈರಿಯಿಂದ ಪಾಸಾಗಿ ಹೊರಬಂದಿಲ್ಲ. ತುಮಕೂರಿನ ಜಮಾದಲ್ಲಿ 'ಹತ್ತಿರ, ಎಪ್ಪತ್ತೇ ಕಿ.ಮೀ.', ಖರ್ಚಿನಲ್ಲಿ 'ತೀರಾ ಹತ್ತಿರ, ಇನ್ನು ಹತ್ತು ವರ್ಷಕ್ಕೆ ಇದೂ ಬೆಂಗಳೂರೇ'. ಮಂಗಳೂರಿಗೆ ಒಂದೇ ಶಬ್ದ, 'ಬೆವರು', ಕೆಳಗೆ ಎರಡು ಗೆರೆ. ಧಾರವಾಡದ ಜಮಾ 'ಪೇಡ'. ಖರ್ಚು 'ಪೇಡ, ಶುಗರ್'. ದಾವಣಗೆರೆಯ ಬೆಣ್ಣೆ ದೋಸೆಗೂ ಇದೇ ಗತಿ. ಚಿಕ್ಕಮಗಳೂರಿಗೆ 'ಶನಿವಾರ ಭಾನುವಾರ ಇಡೀ ಬೆಂಗಳೂರು ಮುಳ್ಳಯ್ಯನಗಿರಿ ಮೇಲೇ ಇರುತ್ತೆ, ತಪ್ಪಿಸಿಕೊಂಡು ಹೋಗಿ ಏನು ಫಲ'. ಶಿವಮೊಗ್ಗದ ಜಮಾದಲ್ಲಿ 'ತುಂಗಾ ಪಾನ'. ಖರ್ಚಿನಲ್ಲಿ ಸೊಳ್ಳೆ, ಬಿಸಿಲು, ಮತ್ತು '2023ರಲ್ಲಿ ಏರ್‌ಪೋರ್ಟ್ ಬಂತು, ಇನ್ನು ಜನ ಬರ್ತಾರೆ'. ಹಾಸನಕ್ಕೆ 'ಹವೆ ಚೆನ್ನ' ಎಂದು ಬರೆದು ಎದುರಿಗೆ 'ಹವೆ ಬಿಟ್ರೆ?' ಎಂದು ಪ್ರಶ್ನೆ ಹಾಕಿದ್ದಾರೆ. ಹಾಸನದವರು ಬೇಜಾರು ಮಾಡಿಕೊಳ್ಳಬಾರದು. ರಾಯರು ಆ ಊರನ್ನು ಕಂಡಿರುವುದು ಧರ್ಮಸ್ಥಳದ ಬಸ್ಸು ಕಾಫಿಗೆ ನಿಂತಾಗ ಮಾತ್ರ.

ಮೈಸೂರಿಗೆ ಮಾತ್ರ ಒಂದು ಪುಟ ಸಾಲದೆ ಡಿಸೆಂಬರ್ ತಿಂಗಳನ್ನು ಪೂರ್ತಿ ಬಿಟ್ಟುಕೊಟ್ಟಿದ್ದಾರೆ. ಮೊದಲ ಪುಟದಲ್ಲೇ 2015 ಮತ್ತು 2016ರ ಪೇಪರ್ ಕಟಿಂಗುಗಳು, ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೈಸೂರು ದೇಶಕ್ಕೇ ಮೊದಲೆಂದು. 2017ರಿಂದ ಆ ಜಾಗ ಇಂದೋರಿನ ಪಾಲಾಯಿತು. ಅದಕ್ಕೂ ರಾಯರು ಒಂದು ಪುಟ ತೆರೆದು 'ಖರ್ಚು: ಹಿಂದಿ' ಎಂದು ಬರೆದು ಅಲ್ಲೇ ಮುಚ್ಚಿದ್ದಾರೆ.

ಒಮ್ಮೆ ನಾನು ಮೈಸೂರಿನ ಪರವಾಗಿ ವಕಾಲತ್ತು ವಹಿಸಿ ನೋಡಿದೆ.

"ಎಲ್ಲಾ ಸರಿ ಸಾರ್, ರಾತ್ರೋರಾತ್ರಿ ಎದೆ ನೋವು ಅಂತ ಬಂದ್ರೆ? ಇಲ್ಲಿ ಜಯದೇವ ಇದೆ" ಎಂದರು.

"ಮೈಸೂರಲ್ಲೂ ಜಯದೇವ ಆಸ್ಪತ್ರೆ ಇದೆಯಲ್ಲ ರಾಯರೇ."

"ಇದೆ. ಬ್ರ್ಯಾಂಚು. ಹೆಡ್ಡಾಫೀಸು ಹೆಡ್ಡಾಫೀಸೇ."

ಮೂವತ್ತೈದು ವರ್ಷ ಬ್ರ್ಯಾಂಚುಗಳಲ್ಲೇ ದುಡಿದವರು, ಅನುಭವದ ಮಾತಿರಬೇಕೆಂದು ಸುಮ್ಮನಾದೆ. "ಮಗಳು ಸಿಯಾಟಲ್ಲಿಂದ ಬಂದ್ರೆ ಏರ್‌ಪೋರ್ಟು ದೂರ ಆಗುತ್ತೆ" ಎಂದರು. ಮೈಸೂರಿನಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಕೆಎಸ್ಸಾರ್ಟಿಸಿಯ ಫ್ಲೈಬಸ್ಸೇ ಇದೆ ಎಂದೆ. "ಬಸ್ಸಿದೆ, ಸರಿ. ಮಗಳೂ ಬರಬೇಕಲ್ಲ" ಎಂದು ಡೈರಿ ಮಡಿಸಿದರು.

ಇಷ್ಟಾದರೂ ಮನೆ ನೋಡಲು ಒಂದು ಸಲ ಹೋದದ್ದುಂಟು. ಸಾಕ್ಷಿಗೆ ನಾನಿದ್ದೆ, ಕಾವಲಿಗೆ ರಾಯರ ಮನೆಯವರು. 2023ರಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಮೈಸೂರು ಒಂದೂವರೆ ಗಂಟೆಯ ದಾರಿ ಎನ್ನುತ್ತಾರೆ, ಆ ಮಾತು ನಿಜವೇ. ಹನುಮಂತನಗರದಿಂದ ಕೆಂಗೇರಿ ದಾಟಲು ಹಿಡಿದ ಒಂದು ಗಂಟೆಯನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ರಾಯರು ಆ ಗಂಟೆಯನ್ನು ಮೈಸೂರಿನ ಜಮಾಕ್ಕೆ ಹಾಕಿದರು. ಟೋಲ್ ಬಂದಾಗ ಅದನ್ನು ಖರ್ಚಿಗೆ ಹಾಕಿ ಸಮ ಮಾಡಿದರು.

ಮೊದಲು ತಿಂಡಿ. ಮೈಸೂರಿನ ಮೆತ್ತನೆಯ ಬೆಣ್ಣೆ ದೋಸೆಯನ್ನು ರಾಯರು ಕಣ್ಣು ಮುಚ್ಚಿ ಮೂರು ತಿಂದರು. ಕೈ ತೊಳೆದು ಬಂದವರೇ 'ದೋಸೆ ಗರಿಯಿಲ್ಲ' ಎಂದು ಖರ್ಚಿನಲ್ಲಿ ಬರೆದುಕೊಂಡರು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ಕಟ್ಟಿಕೊಟ್ಟಿರುವ ನಾಲಿಗೆ ಅದು, ಸುಲಭಕ್ಕೆ ಪಕ್ಷಾಂತರ ಮಾಡುವುದಿಲ್ಲ.

ಕುವೆಂಪುನಗರದ ಮನೆ ಚೆನ್ನಾಗಿಯೇ ಇತ್ತು. ಮುಂದೆ ಸಂಪಿಗೆ ಮರ, ಹಿಂದೆ ಬಟ್ಟೆ ಒಗೆಯುವ ಕಲ್ಲು. ರಾಯರು ಹೆಣ್ಣು ನೋಡಲು ಬಂದ ಬೀಗರ ಹಾಗೆ ಒಂದೊಂದು ಕೋಣೆಯನ್ನೂ ಪರೀಕ್ಷಿಸಿದರು. ನಲ್ಲಿ ತಿರುಗಿಸಿದರು. ಕಿಟಕಿಯ ಚಿಲಕ ಎಳೆದರು. ದಿಕ್ಸೂಚಿ ತೆಗೆದು ಅಡಿಗೆ ಮನೆ ಆಗ್ನೇಯದಲ್ಲೇ ಇದೆಯೇ ಎಂದು ನೋಡಿದರು. ಇತ್ತು, ಅದರಿಂದ ಸ್ವಲ್ಪ ನಿರಾಶೆಯಾದಂತೆ ಕಂಡಿತು. ಮಾಲೀಕರು ರಿಟೈರಾದ ಮೇಷ್ಟರು. ಬೆತ್ತದ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದವರು ಕೊನೆಗೆ ನಿಟ್ಟುಸಿರುಬಿಟ್ಟರು.

"ಏನು ಸ್ವಾಮಿ ನೋಡ್ತೀರಾ? ಮೈಸೂರು ಮೊದಲಿನ ಹಾಗಿಲ್ಲ. ಎಲ್ಲಾ ಬೆಂಗಳೂರಿನೋರು ಬಂದು ಸೈಟಿನ ರೇಟು ಏರಿಸಿಬಿಟ್ರು. ದಸರಾ ಹತ್ತು ದಿನ ಮನೆಯಿಂದಾಚೆ ಕಾಲಿಡೋ ಹಾಗಿಲ್ಲ. ನಾನೂ ಮಾರಿಬಿಟ್ಟು ನಂಜನಗೂಡಿಗೆ ಹೋಗಿಬಿಡೋಣ ಅಂತಿದೀನಿ. ಇಪ್ಪತ್ತೈದು ಕಿಲೋಮೀಟರೂ ಇಲ್ಲ, ಹೊಳೆ ಇದೆ, ನಂಜುಂಡೇಶ್ವರ ಇದ್ದಾನೆ, ರಸಬಾಳೆ ಸಿಗುತ್ತೆ."

ರಾಯರ ಮುಖ ಅರಳಿತು. "ಎಷ್ಟು ವರ್ಷದಿಂದ ಅಂದ್ಕೋತಿದೀರಿ?" ಎಂದರು.

"ಆಯ್ತು, ಒಂದು ಹದಿನೈದು ವರ್ಷ."

ಇಬ್ಬರೂ ಜಗಲಿಯಲ್ಲಿ ಕೂತು ಮಾತಿಗಿಳಿದರು. ಮನೆಯ ವ್ಯಾಪಾರ ಅಲ್ಲಿಗೆ ಮುಗಿಯಿತು, ಸ್ನೇಹ ಬೆಳೆಯಿತು. ನಂಜನಗೂಡಿನಲ್ಲೂ ಒಬ್ಬರು ಇದೇ ಹೊತ್ತಿಗೆ ಗುಂಡ್ಲುಪೇಟೆಯ ಪುಟ ತೆರೆದು ಗೆರೆ ಎಳೆಯುತ್ತಿರಬಹುದು ಎಂದು ನನಗೆ ಬಲವಾದ ಅನುಮಾನ.

ಸರಸ್ವತಿಪುರದಲ್ಲಿ ಹನ್ನೆರಡಕ್ಕೆ ಬ್ರೋಕರ್ ಇನ್ನೊಂದು ಮನೆ ತೋರಿಸುತ್ತೇನೆ ಎಂದಿದ್ದ. ಬೆಂಗಳೂರಿನ ಲೆಕ್ಕದಲ್ಲಿ ರಾಯರು ಹನ್ನೊಂದಕ್ಕೇ ನಮ್ಮನ್ನು ಹೊರಡಿಸಿದರು. ಹತ್ತು ನಿಮಿಷಕ್ಕೆ ತಲುಪಿಬಿಟ್ಟೆವು. ಉಳಿದ ಐವತ್ತು ನಿಮಿಷವನ್ನು ಏನು ಮಾಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕಲ್ಲು ಬೆಂಚಿನ ಮೇಲೆ ಕೂತು ರಾಯರು ಉತ್ಸಾಹದಿಂದ ಕೂಡಿಸಿ ಕಳೆದರು: "ನೋಡೇ, ಈ ಊರಲ್ಲಿ ದಿನಕ್ಕೆ ಎರಡು ಗಂಟೆ ಉಳಿಯುತ್ತೆ!"

"ಆ ಎರಡು ಗಂಟೆ ಎಲ್ಲಿರ್ತೀರಿ?" ಎಂದರು ಅವರ ಮನೆಯವರು.

"ಎಲ್ಲಿ ಅಂದ್ರೆ? ಮನೇಲಿ."

ಆಕೆ ಮಾತಾಡಲಿಲ್ಲ. ನನ್ನ ಕಡೆ ಒಂದು ಸಲ ನೋಡಿದರು, ಅಷ್ಟೇ. ಮರುದಿನ ಡೈರಿಯ ಮೈಸೂರಿನ ಪುಟದಲ್ಲಿ, ಖರ್ಚಿನ ಕಡೆ, ಪೆನ್ಸಿಲ್ಲಿನಲ್ಲಿ ಬೇರೆ ಕೈಬರಹದ ಒಂದು ಸಾಲು ಕಾಣಿಸಿಕೊಂಡಿತು: 'ಬ್ಲೌಸ್ ಹೊಲಿಯೋನು'. ಗಾಂಧಿ ಬಜಾರಿನ ಸಂದಿಯಲ್ಲಿ ಒಂದು ಮಿಷನ್ನು ಇಟ್ಟುಕೊಂಡು ಇಪ್ಪತ್ತೈದು ವರ್ಷದಿಂದ ಆಕೆಗೆ ಹೊಲಿದುಕೊಡುವ ಟೈಲರ್ ಅವನು. ಅಳತೆ ಕೇಳುವುದಿಲ್ಲ, ಮುಖ ನೋಡಿ ಅರ್ಧ ಇಂಚು ಬಿಡಬೇಕೋ ಹಿಡಿಯಬೇಕೋ ತಿಳಿಯುತ್ತಾನೆ. ಇದೊಂದು ಎಂಟ್ರಿಯೇ ಅಲ್ಲ ಎಂದು ರಾಯರು ನಕ್ಕರು. ಆದರೆ ಡೈರಿಯ ಎಷ್ಟೋ ಖರ್ಚುಗಳ ಪೈಕಿ ರಾಯರಿಂದ ಉತ್ತರ ಹೇಳಲಾಗದ್ದು ಅದೊಂದೇ.

ರಾಯರು ಹುಡುಕುತ್ತಿರುವ ಊರು ಯಾವುದೆಂಬುದು ನನಗೆ ಈಚೆಗೆ ಅಂಕಿ ಅಂಶ ತಿರುವಿ ಹಾಕುವಾಗ ಗೊತ್ತಾಯಿತು. ಅವರು ಹುಟ್ಟಿದ್ದು ಐವತ್ತರ ದಶಕದಲ್ಲಿ, ಚಾಮರಾಜಪೇಟೆಯ ವಠಾರವೊಂದರಲ್ಲಿ. 1951ರ ಜನಗಣತಿಯ ಪ್ರಕಾರ ಬೆಂಗಳೂರಿನ ಜನ ಎಂಟು ಲಕ್ಷದ ಒಳಗೇ. 2011ರಲ್ಲಿ ಅದು 84 ಲಕ್ಷ. ಅದೇ ಗಣತಿಯಲ್ಲಿ ಮೈಸೂರು ಒಂಬತ್ತು ಲಕ್ಷದ ಆಸುಪಾಸು. ಎಂದರೆ ರಾಯರು ನೆಮ್ಮದಿಗೆಂದು ಹೊರಟಿರುವ ಸಣ್ಣ ಊರು ಅವರು ಹುಟ್ಟಿದ ದೊಡ್ಡ ಊರಿಗಿಂತ ದೊಡ್ಡದು. ಹೇಳಿದೆ. "ಅಂಕಿ ಸಂಖ್ಯೆ ಬಿಡಿ ಸಾರ್" ಎಂದರು. "ಆಗ ಸೈಕಲ್ಲಿಗೆ ಲೈಟಿಲ್ಲ ಅಂದ್ರೆ ಪೊಲೀಸಿನೋನು ಹಿಡಿದು ಗಾಳಿ ಬಿಡ್ತಿದ್ದ. ಅಂಥಾ ಊರು ಇದ್ರೆ ಹೇಳಿ, ನಾಳೆನೇ ಗಂಟು ಕಟ್ತೀನಿ."

ಇದರ ಮಧ್ಯೆ ನಮ್ಮ ಬೀದಿಯಿಂದ ಒಬ್ಬರು ನಿಜವಾಗಿಯೂ ಹೋಗಿಬಿಟ್ಟರು. ಮೂಲೆ ಮನೆಯ ಗುಮಾಸ್ತರು. ಯಾವತ್ತೂ ಊರನ್ನು ಬೈದವರಲ್ಲ, ಹೊಗಳಿದವರೂ ಅಲ್ಲ, ಹಾಲಿನ ಬೂತಿನಲ್ಲಿ ಚಿಲ್ಲರೆ ಎಣಿಸಿಕೊಂಡು ಬರುವವರು. ಒಂದು ಗುರುವಾರ ಲಾರಿ ಬಂತು, ಸಂಜೆಯೊಳಗೆ ಮನೆ ಖಾಲಿ, ಶಿವಮೊಗ್ಗ. ರಾಯರಿಗೆ ಇದು ಬಹಳ ನೋವು ಕೊಟ್ಟಿತು. "ಒಂದು ಮಾತು ಕೇಳಲಿಲ್ಲ ನೋಡಿ. ಡೈರಿಯಲ್ಲಿ ಎಲ್ಲಾ ಬರೆದಿಟ್ಟಿದ್ದೆ, ಸೊಳ್ಳೆ ಸಮೇತ" ಎಂದು ಎರಡು ದಿನ ಗೊಣಗಿದರು.

ಆಗಿನಿಂದ ಭಾನುವಾರಕ್ಕೊಮ್ಮೆ ಜಗಲಿಯಲ್ಲಿ ಕೂತು, ಫೋನನ್ನು ಸ್ಪೀಕರಿಗೆ ಹಾಕಿ, ಗುಮಾಸ್ತರ ಕಷ್ಟ ವಿಚಾರಿಸುವುದು ರಾಯರ ವ್ರತ. ಮೊನ್ನೆ ನಾನೂ ಎದುರಿಗಿದ್ದೆ.

"ಸೊಳ್ಳೆ ಹೇಗಿದೆ?"

"ಇದೆ ರಾಯರೇ. ಪರದೆ ಕಟ್ಕೊಂಡಿದೀವಿ."

"ಬಿಸಿಲು?"

"ಬಿಸಿಲೂ ಇದೆ. ಮಧ್ಯಾಹ್ನ ಮಲಗ್ತೀವಿ."

"ಮತ್ತೆ?" ರಾಯರು ಆಸೆಯಿಂದ ಮುಂದಕ್ಕೆ ಬಾಗಿದರು.

"ಮತ್ತೇನಿಲ್ಲ, ಚೆನ್ನಾಗಿದೆ. ಒಳ್ಳೇ ಹೊತ್ತಿಗೆ ಮಾಡಿದ್ರಿ ನೋಡಿ. ಪಕ್ಕದ ಮನೆ ಖಾಲಿ ಆಗ್ತಿದೆ, ನಿಮಗೆ ಬೇಕಾದ ಹಾಗೇ ಇದೆ. ಓನರು ಇಲ್ಲೇ ನನ್ನ ಎದುರಿಗೇ ಕೂತಿದಾರೆ. ನಿಮ್ಮ ಹೆಸರಲ್ಲಿ ನಾನೇ ಅಡ್ವಾನ್ಸ್ ಕೊಟ್ಟಿರ್ತೀನಿ, ನೀವು ನಿಧಾನಕ್ಕೆ ಬನ್ನಿ. ಕೊಟ್ಟುಬಿಡ್ಲಾ?"

ದನಿ ಎಷ್ಟು ಸ್ಪಷ್ಟವಾಗಿತ್ತೆಂದರೆ ಮೇಲಿನ ಮಹಡಿಯ ಹುಡುಗಿ ಬಟ್ಟೆ ಒಣಗಿಸುವುದನ್ನು ನಿಲ್ಲಿಸಿ ಕೆಳಗೆ ಬಗ್ಗಿ ನೋಡಿದಳು. ರಾಯರು ದಡಕ್ಕನೆ ಎದ್ದು ನಿಂತರು. "ಹಲೋ? ಹಲೋ ಹಲೋ? ಏನೂ ಕೇಳಿಸ್ತಿಲ್ಲ ಇವ್ರೇ... ಹಲೋ?" ಎನ್ನುತ್ತಲೇ ಕೆಂಪು ಗುಂಡಿ ಒತ್ತಿದರು. ಒಳಗೆ ಹೋಗಿ ಡೈರಿ ತಂದರು. ಕನ್ನಡಕ ಏರಿಸಿ, ಶಿವಮೊಗ್ಗದ ಪುಟ ತೆಗೆದು, ಖರ್ಚಿನ ಕಡೆ ಸೊಳ್ಳೆ ಬಿಸಿಲುಗಳ ಕೆಳಗೆ ದುಂಡಗೆ ಬರೆದರು: 'ನೆಟ್‌ವರ್ಕ್ ಸರಿಯಿಲ್ಲ'.