ಇಪ್ಪತ್ತು ನಿಮಿಷದ ನಳಾ

ಉಪ್ಪಿನಬೆಟಗೇರಿಯಿಂದ ಇಂಗ್ಲೆಂಡಿನ ರೆಡಿಂಗಿಗೆ ಬಂದ ನಮ್ಮವ್ವನ ಪೆಟ್ಟಿಗೆಯಲ್ಲಿ ಜೋಳದ ಹಿಟ್ಟಿನ ಬಾಜೂಕೇ ಅವಳ ದವಾಖಾನೆ: ಅರಿಷಿಣ, ಅಜವಾನ, ಸುಣ್ಣದ ಡಬ್ಬಿ. ಹೆಂಡತಿ ಮೈಸೂರಿನವಳು. ಅವಳ ತವರಿನಲ್ಲಿ ಕೈ ಕೊಯ್ದರೆ ಕಾಫಿಪುಡಿ ಒತ್ತುತ್ತಾರೆ. ಅತ್ತೆ ಸೊಸೆಯ ಜಗಳವೆಲ್ಲ ಪುಡಿಯ ಬಣ್ಣದ್ದು. ಪುಡಿ ಬೀಳಲೇಬೇಕು ಎಂಬಲ್ಲಿ ಮಾತ್ರ ಹಳೇ ಮೈಸೂರು, ಧಾರವಾಡ ಎರಡೂ 1956ರಷ್ಟೇ ಒಗ್ಗಟ್ಟು. ಗಾಯಕ್ಕೆ ಬೇಕಾದದ್ದು ಶುದ್ಧ ನೀರು, ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿಯುವ ಕೈ ಎಂದರೆ ಇಬ್ಬರೂ ಕೂಡಿ ನನ್ನ ಮೇಲೇ ಬರುತ್ತಾರೆ.

ಈ ಏಕೀಕರಣ ಒಡೆದವಳು ಮಗಳು. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ 2020ರ ಸೆಪ್ಟೆಂಬರಿನಿಂದ ಪ್ರಥಮ ಚಿಕಿತ್ಸೆ ಕಡ್ಡಾಯ ಪಾಠ. ಏಳರ ಮಗ್ಗಿ ತಪ್ಪುವ ಹುಡುಗಿ ಮೂಗಿನ ರಕ್ತ ನಿಲ್ಲಿಸುವುದರಲ್ಲಿ ತಪ್ಪುವುದಿಲ್ಲ. ನಾವೆಲ್ಲ ಚಿಕ್ಕಂದಿನಲ್ಲಿ ತಲೆ ಹಿಂದಕ್ಕೆ ಚಾಚಿ, ರಕ್ತ ನುಂಗಿ, ಆಮೇಲೆ ವಾಂತಿ ಮಾಡಿ ಗುಣವಾದವರು. ಅವಳ ಪ್ರಕಾರ ಮುಂದಕ್ಕೆ ಬಾಗಿ, ಮೂಗಿನ ಮೆತ್ತನೆಯ ಭಾಗ ಹತ್ತು ಹದಿನೈದು ನಿಮಿಷ ಬಿಗಿಯಾಗಿ ಹಿಡಿಯಬೇಕು.

ಒಂದು ಭಾನುವಾರ ಹಂಚಿನ ಮೇಲೆ ರೊಟ್ಟಿ ಉಬ್ಬಿ ಒಡೆದು, ಉಗಿ ಸೊಸೆಯ ಮುಂಗೈಗೆ ಹೊಡೆಯಿತು. ಅವ್ವ ಬಚ್ಚಲಿನಿಂದ ಟೂತ್‌ಪೇಸ್ಟ್ ಹಿಡಿದು ಓಡಿ ಬಂದಳು. ಮಗಳು ಅಡ್ಡ ನಿಂತಳು. “ಪೇಸ್ಟ್ ಬೇಡ ಆಯಿ! ನಳಾದ ಕೆಳಗ ಕೈ ಹಿಡೀಲಿ, ಇಪ್ಪತ್ತು ನಿಮಿಷ.” ಪುದೀನದ ತಂಪು ನಾಲಿಗೆಗೆ ಸರಿ. ಸುಟ್ಟ ಚರ್ಮಕ್ಕೆ ಹಚ್ಚಿದರೆ ಒಳಗಿನ ಕಾವು ಒಳಗೇ ಉಳಿಯುತ್ತದೆ, ಡಾಕ್ಟರ್ ಮೊದಲು ಅದನ್ನು ಕೆರೆದು ತೆಗೆಯಬೇಕಾಗುತ್ತದೆ. ತುಪ್ಪದ ಕಥೆಯೂ ಅದೇ. ಮಂಜುಗಡ್ಡೆಯೂ ಬೇಡ, ಅದು ಚರ್ಮಕ್ಕೆ ಬೇರೆ ಗಾಯ ಮಾಡುತ್ತದೆ.

ಅವ್ವನ ಸಂಕಟ ಇದ್ಯಾವುದರದ್ದೂ ಅಲ್ಲ. “ಇಪ್ಪತ್ತು ನಿಮಿಷ ನಳಾ ಬಿಡ್ತೀರಿ? ಅಷ್ಟ್ರಾಗ ನಮ್ಮ ಓಣಿ ಅರ್ಧ ನೀರು ತುಂಬ್ಕೊಂತೈತಿ!” ನೀರು ಬರುವ ದಿನ ಕಾದು, ಕೊಡ ಪಾಳಿಗೆ ಹಚ್ಚಿ ಬಾಳಿದ ಜೀವ. ಕೈ ಕೆಳಗೆ ಬೋಗುಣಿ ಇಟ್ಟಳು, ತುಂಬಿತು. ಪಾತೇಲಿ, ತುಂಬಿತು. ಕುಕ್ಕರ್, ತುಂಬಿತು. ಉರಿ ಇಳಿಯುವಷ್ಟರಲ್ಲಿ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಡೆಗೆ ಮಗಳು ರೊಟ್ಟಿ ಸುತ್ತಿಡುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತಂದು ಗಾಯದ ಮೇಲೆ ಹಗುರವಾಗಿ ಹಾಸಿದಳು. ಶಾಲೆಯಲ್ಲಿ ಅದನ್ನೂ ಕಲಿಸಿದ್ದಾರಂತೆ. ಅವ್ವ ಹಣೆ ಹಣೆ ಬಡಿದುಕೊಂಡಳು. “ಕೈ ಏನ್ ಫ್ರಿಜ್ಜಿನ್ಯಾಗ ಇಡಾವ್ರೇನವಾ?”

ನನಗನ್ನಿಸುವುದು, ನಮ್ಮ ಮನೆಮದ್ದಿನ ಅರ್ಧಪಾಲು ಗಾಯಾಳುವಿಗಲ್ಲ, ಸುತ್ತ ನಿಂತವರಿಗೆ. ಒಬ್ಬ ನರಳುವಾಗ ಹತ್ತು ಜನ ಕೈಕಟ್ಟಿ ನಿಲ್ಲಲಾರರು. ಊರ ಜಾತ್ರೆಯಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ ನೋಡಬೇಕು: ಒಬ್ಬ ಕೀಲಿಕೈ ಗೊಂಚಲು ಹುಡುಕುತ್ತಾನೆ, ಒಬ್ಬ ಉಳ್ಳಾಗಡ್ಡಿ ಜಜ್ಜುತ್ತಾನೆ, ಮೂರನೆಯವನು ತನ್ನ ಚಪ್ಪಲಿಯನ್ನೇ ಮೂಗಿಗೆ ಹಿಡಿಯುತ್ತಾನೆ. ಹೆಚ್ಚಿನ ಫಿಟ್ಸ್ ಕೆಲವೇ ನಿಮಿಷದಲ್ಲಿ ತಾನೇ ನಿಲ್ಲುತ್ತವೆ, ಕೀರ್ತಿ ಕೀಲಿಕೈಗೆ. ಬಾಯಿಗೆ ಏನೂ ತುರುಕದೆ, ಅದುಮಿ ಹಿಡಿಯದೆ, ಫಿಟ್ಸ್ ನಿಂತ ಮೇಲೆ ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡುತ್ತ ಕೂತರೆ, ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿದರೆ, ಅಷ್ಟೇ ಕೆಲಸ. ಆದರೆ ಗಡಿಯಾರ ನೋಡಿದವನನ್ನು ಊರಲ್ಲಿ ಯಾರು ಹೊಗಳುತ್ತಾರೆ?

ಹಾವಿನ ವಿಷಯಕ್ಕೆ ಬಂದಾಗ ಅವ್ವ ಗೆದ್ದೆನೆಂದೇ ತಿಳಿದಿದ್ದಳು. ಬ್ರಿಟನ್ನಿನ ಕಾಡುಮೇಡಿನಲ್ಲಿರುವ ವಿಷದ ಹಾವು ಒಂದೇ, ಆಡರ್. “ಒಂದ ಹಾವಿನವರು ನಮಗೇನ್ ಹೇಳ್ತೀರಿ? ಹೊಲದಾಗ ಕಡದ್ರ ಮೊದ್ಲ ಹಗ್ಗ ಬಿಗೀಬೇಕು.” ಬಿಗಿದ ಹಗ್ಗ ರಕ್ತ ತಡೆದು ಕಾಲನ್ನೇ ಕೆಡಿಸುತ್ತದೆ, ಕಾಲು ಅಲುಗಿಸದೆ ದವಾಖಾನೆಗೆ ಒಯ್ಯಬೇಕು, ಮದ್ದಿರುವುದು ಅಲ್ಲಿ, ಎಂದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕೆಂದು ಆದೇಶಿಸಿದ್ದನ್ನೂ ಹೇಳಿದೆ. ಸರ್ಕಾರದ ಹೆಸರು ಕೇಳಿ ಅರೆಕ್ಷಣ ಸುಮ್ಮನಾದಳು.

ಅವ್ವ ಊರಿಗೆ ಮರಳಿದ ಮೇಲೆ ಒಂದು ದಿನ ಅವಳ ಫೋನ್ ಬಂತು. ಬಾಜೂಮನೆ ಹುಡುಗನ ಕೈಮೇಲೆ ಚಹಾ ಚೆಲ್ಲಿತ್ತಂತೆ. ಅವ್ವ ತಂಬಿಗೆಯಿಂದ ಇಪ್ಪತ್ತು ನಿಮಿಷ ನೀರು ಹನಿಸಿದ್ದಾಳೆ. “ಬರೇ ನೀರಿನ್ಯಾಗ ಏನೈತಿ ಅಂತ ಮಂದಿ ನಕ್ರು. ಲಂಡನ್ ಮದ್ದು ಇದು, ಸುಮ್ನ ನಿಂದರ್ರಿ ಅಂದ್ನಿ. ಎಲ್ಲಾರೂ ಸುಮ್ನಾದ್ರು ನೋಡು.”

“ಅಷ್ಟೂ ನೀರು ಚೆಲ್ಲಿದೇನವ್ವಾ?”

“ಚೆಲ್ಲಾಕ ನಾ ಏನ್ ನಿನ್ನ ಮಗಳೇನು? ಬುಡಕ ಬೋಗುಣಿ ಇಟ್ಟಿದ್ನಿ. ಎಮ್ಮಿ ಕುಡೀತು.”