ಉಪ್ಪಲಿನಲ್ಲಿ ಶಬ್ದದ ವೇಗ

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಹಾಡುವ ಬೀರು ಒಂದಿದೆ. ಮಕ್ಕಳ ಚೀಲ ತಡಕಿ ಹಿಡಿದ ಮೊಬೈಲುಗಳನ್ನೆಲ್ಲ ಅದರೊಳಗಿಟ್ಟು ಬೀಗ ಜಡಿಯುವುದು, ಅಪ್ಪನೋ ಅಮ್ಮನೋ ಬಂದು ಸಹಿ ಹಾಕಿದ ಮೇಲೆ ಬಿಡುಗಡೆ ಮಾಡುವುದು ಇಲ್ಲಿಯ ಪದ್ಧತಿ. ಬೀಗ ಹಾಕಿದ ಮಾತ್ರಕ್ಕೆ ಬಾಯಿ ಮುಚ್ಚೀತೆ? ಹನ್ನೆರಡೂವರೆ ಆಯಿತೋ ಇಲ್ಲವೋ, ಕೆಳಗಿನ ಅರೆಯಿಂದ ತೆಲುಗು ಸಿನಿಮಾ ಹಾಡೊಂದು ಎದ್ದು ಕುಣಿಯುತ್ತದೆ. ಅದು ಸುಮ್ಮನಾಗುವಷ್ಟರಲ್ಲಿ ಮೇಲಿನ ಅರೆಯಿಂದ ಹಸುಗೂಸೊಂದು ಕಿಲಕಿಲ ನಗುತ್ತದೆ. ಎಲ್ಲ ತಾಯಂದಿರ ಕರೆಗಳು. ಶಾಲೆಯಲ್ಲಿ ಫೋನು ಇಟ್ಟುಕೊಳ್ಳಬಾರದೆಂಬ ನಿಯಮಕ್ಕೆ ಸಹಿ ಹಾಕಿದವರೇ ಶಾಲೆಯ ಹೊತ್ತಿನಲ್ಲಿ ಫೋನು ಮಾಡಿ ‘ಡಬ್ಬಿ ತಿಂದೆಯಾ’ ಎಂದು ವಿಚಾರಿಸುವವರು. ನಮ್ಮ ಆಯಮ್ಮನಂತೂ ಈಗ ರಿಂಗ್‌ಟೋನು ಕೇಳಿಯೇ ಯಾವ ಕ್ಲಾಸಿನ ಯಾವ ಬೆಂಚಿನವನದು ಎಂದು ಹೇಳಬಲ್ಲಳು.

ಈ ಬೀರುವಿನ ಪಕ್ಕದ ಕುರ್ಚಿ ನನ್ನದು. ನಾನು ವಿಜ್ಞಾನದ ಟೀಚರು. ತವರು ಕಲಬುರಗಿ ಕಡೆ, ಮದುವೆಯಾಗಿ ಹೈದರಾಬಾದಿಗೆ ಬಂದವಳು ಉಪ್ಪಲಿನಲ್ಲೇ ಬೇರೂರಿಬಿಟ್ಟೆ. ಪಾಠ ಇಂಗ್ಲಿಷಿನಲ್ಲಿ, ಬೈಯುವುದು ತೆಲುಗಿನಲ್ಲಿ, ಎಣಿಸುವುದು ಮಾತ್ರ ಇವತ್ತಿಗೂ ಕನ್ನಡದಲ್ಲಿ. ‘ಒಂದು, ಎರಡು, ಮೂರು’ ಎಂದ ಕೂಡಲೇ ಏನೋ ಮಾಡಬೇಕು ಎಂಬಷ್ಟು ಕನ್ನಡ ನಮ್ಮ ಒಂಬತ್ತನೇ ಕ್ಲಾಸಿಗೆ ಬಂದಿದೆ.

ಬೀರು ಸದಾ ಇಷ್ಟು ತುಂಬಿರುತ್ತಿತ್ತು ಎಂದಲ್ಲ. 2020ರಲ್ಲಿ ಕೊರೋನಾ ಶಾಲೆ ಮುಚ್ಚಿಸಿದಾಗ ಅದು ಖಾಲಿ ಹೊಡೆಯುತ್ತಿತ್ತು. ಆ ಮಾರ್ಚಿನವರೆಗೆ ಫೋನು ತಂದವನು ಅಪರಾಧಿ. ಜೂನಿನ ಹೊತ್ತಿಗೆ ಫೋನು ಇಲ್ಲದವನೇ ಅಪರಾಧಿ. ತೆಲಂಗಾಣದ ಸರ್ಕಾರಿ ಶಾಲೆಗಳ ಮಕ್ಕಳಿಗೆ ಸೆಪ್ಟೆಂಬರ್ 1ರಿಂದ ದೂರದರ್ಶನದ ಯಾದಗಿರಿ ಚಾನೆಲ್ಲಿನಲ್ಲೂ ಟಿ-ಸ್ಯಾಟ್‌ನಲ್ಲೂ ಪಾಠ ಬರತೊಡಗಿತು. ನಮ್ಮಂಥ ಖಾಸಗಿ ಶಾಲೆಯವರು ನೇರವಾಗಿ ಫೋನಿನೊಳಗೇ ಇಳಿದೆವು. ಮನೆಗೊಂದೇ ಫೋನು, ಅದು ಅಪ್ಪನದು, ಅಪ್ಪನ ಕೆಲಸ ಆಟೋ ಓಡಿಸುವುದು ಎಂದರೆ ಮಗಳು ಆಟೋದ ಮುಂದಿನ ಸೀಟಿನಲ್ಲೇ ಕೂತು ಕ್ಲಾಸಿಗೆ ಹಾಜರು. ಒಂದು ದಿನ ‘ಎಲೆ ಹಸಿರಾಗಿರುವುದೇಕೆ, ಹೇಳು’ ಎಂದು ಅವಳನ್ನು ಕೇಳಿದೆ. ನಾಗೋಲಿಗೆ ಹೊರಟಿದ್ದ ಪ್ಯಾಸೆಂಜರೊಬ್ಬರು ಹಿಂದಿನ ಸೀಟಿನಿಂದ ಉತ್ತರ ಹೇಳಿದರು. ಸರಿಯಾಗಿಯೇ ಹೇಳಿದರು.

ಶಾಲೆ ಬಾಗಿಲು ತೆರೆದ ಮೇಲೆ ಫೋನು ಮತ್ತೆ ಅಪರಾಧಿಯಾಯಿತು, ಬೀರು ಮತ್ತೆ ಹಾಡತೊಡಗಿತು. ನಮ್ಮದೊಂದೇ ಹಟವೇನಲ್ಲ. ಫ್ರಾನ್ಸು 2018ರಲ್ಲೇ ಹದಿನೈದರ ಒಳಗಿನ ಮಕ್ಕಳ ಶಾಲೆಗಳಲ್ಲಿ ಫೋನಿಗೆ ಕಾನೂನಿನಿಂದಲೇ ಬಾಗಿಲು ಹಾಕಿತು. ಜಗತ್ತಿನ ಸುಮಾರು ಕಾಲುಭಾಗ ದೇಶಗಳಲ್ಲಿ ಇಂಥ ನಿಷೇಧ ಇದೆ ಎಂದು ಯುನೆಸ್ಕೋ 2023ರಲ್ಲಿ ಲೆಕ್ಕ ಕೊಟ್ಟಿತು. ತಮಾಷೆ ಎಂದರೆ, ಫೋನನ್ನು ಒಳಗೆ ಬಿಡದ ನಾವೇ ಪಠ್ಯಪುಸ್ತಕದ ಪಾಠಪಾಠಕ್ಕೂ ಕ್ಯೂಆರ್ ಕೋಡ್ ಅಚ್ಚು ಹಾಕಿಸಿದವರು. ಕೇಂದ್ರ ಸರ್ಕಾರ 2017ರಲ್ಲಿ ದೀಕ್ಷಾ ಎಂಬ ಆನ್‌ಲೈನ್ ಪಾಠದ ವೇದಿಕೆ ತೆರೆದ ಮೇಲೆ ರಾಜ್ಯರಾಜ್ಯಗಳ ಪುಸ್ತಕಗಳಲ್ಲೂ ಆ ಕಪ್ಪು ಚೌಕಗಳು ಬಂದವು. ಫೋನು ಹಿಡಿದರೆ ವಿಡಿಯೋ ತೆರೆಯುತ್ತದೆ. ತೆರೆಯಬೇಕು. ಆದರೆ ನಮ್ಮ ಜನಕ್ಕೆ ಕ್ಯೂಆರ್ ಕೋಡ್ ಕಂಡರೆ ಕೈ ಹೋಗುವುದು ದುಡ್ಡು ಕಟ್ಟುವ ಆ್ಯಪಿಗೆ. ಒಬ್ಬ ತಂದೆ ರಾತ್ರಿ ಒಂಬತ್ತಕ್ಕೆ ಫೋನು ಮಾಡಿ, ‘ಟೀಚರ್, ಬಲ ಮತ್ತು ಒತ್ತಡಕ್ಕೆ ಎಷ್ಟು ಕಟ್ಟಬೇಕು? ಸ್ಕ್ಯಾನ್ ಮಾಡಿದರೆ ತಗೋತಾ ಇಲ್ಲ’ ಎಂದರು. ಫೀಸು ಯಾವ ಹೆಸರಿನಲ್ಲಾದರೂ ಬಂದೀತು ಎಂದು ನಂಬುವಷ್ಟು ನಮ್ಮ ಶಾಲೆಗಳು ಅವರನ್ನು ಪಳಗಿಸಿವೆ.

ಇಷ್ಟಾದರೂ ಕ್ಲಾಸಿನೊಳಗೆ ಫೋನು ಒಯ್ಯಲು ನಾನು ಪ್ರಿನ್ಸಿಪಾಲ್ ಮೇಡಂ ಹತ್ತಿರ ಅನುಮತಿ ಕೇಳಿದೆ. ಎರಡೇ ಫೋನು: ನನ್ನದೊಂದು, ಲೆಕ್ಕದ ಸಾರ್‌ದೊಂದು. ಜರ್ಮನಿಯ ಆಖೆನ್ ನಗರದ ವಿಶ್ವವಿದ್ಯಾಲಯದವರು 2016ರಲ್ಲಿ ಫೈಫಾಕ್ಸ್ ಎಂಬ ಆ್ಯಪು ಮಾಡಿ ಪುಕ್ಕಟೆ ಹಂಚಿದ್ದಾರೆ. ಫೋನಿನ ಹೊಟ್ಟೆಯಲ್ಲಿ ಸುಮ್ಮನೆ ಬಿದ್ದಿರುವ ಮೈಕು, ಅಯಸ್ಕಾಂತ ಗುರುತಿಸುವ ಚಿಪ್ಪು, ಅಲುಗಾಟ ಅಳೆಯುವ ಚಿಪ್ಪು ಎಲ್ಲವನ್ನೂ ಅದು ಪ್ರಯೋಗಶಾಲೆಯ ಸಾಮಾನು ಮಾಡಿಬಿಡುತ್ತದೆ. ಅದರಲ್ಲೊಂದು ಸದ್ದಿನ ಸ್ಟಾಪ್‌ವಾಚು: ಒಂದು ಸದ್ದಿಗೆ ಶುರು, ಇನ್ನೊಂದಕ್ಕೆ ನಿಲುಗಡೆ. ಎರಡು ಫೋನನ್ನು ಐದು ಮೀಟರು ದೂರ ಇಟ್ಟು ಈ ಕಡೆಯವನು ಒಂದು ಚಪ್ಪಾಳೆ, ಆ ಕಡೆಯವಳು ಒಂದು ಚಪ್ಪಾಳೆ ತಟ್ಟಬೇಕು. ಮೊದಲ ಚಪ್ಪಾಳೆ ಆ ಕಡೆಯ ಫೋನಿಗೆ ತಡವಾಗಿ ಮುಟ್ಟುತ್ತದೆ, ಎರಡನೆಯದು ಈ ಕಡೆಯದಕ್ಕೆ ತಡವಾಗಿ ಮುಟ್ಟುತ್ತದೆ. ಎರಡು ಫೋನುಗಳು ತೋರಿಸುವ ಸಮಯದ ವ್ಯತ್ಯಾಸದಲ್ಲಿ ಶಬ್ದ ಹತ್ತು ಮೀಟರು ಹೋಯಿತು ಎಂದು ಲೆಕ್ಕ. ಭಾಗಿಸಿದರೆ ವೇಗ ಕೈಗೆ ಬಂತು.

ಜರ್ಮನಿಯಲ್ಲಿ ಬಂದೀತು. ಉಪ್ಪಲ್ ರಿಂಗ್ ರೋಡಿಗೆ ಕಿಟಕಿ ತೆರೆದ ಕ್ಲಾಸಿನಲ್ಲಿ ‘ಒಂದು, ಎರಡು’ ಎಂದೆ, ‘ಮೂರು’ ಎನ್ನುವ ಮೊದಲೇ ಹನ್ಮಕೊಂಡದ ಬಸ್ಸು ಹಾರ್ನು ಹೊಡೆದು ಎರಡೂ ಗಡಿಯಾರ ಓಡಿಸಿತು. ಮತ್ತೆ ಸೊನ್ನೆಗೆ ತಂದೆವು. ಈ ಸಲ ಯಾದಗಿರಿಗುಟ್ಟದ ಬಸ್ಸು. ಹೇಗೋ ಸಂದು ನೋಡಿ ತಟ್ಟಿದ್ದಾಯಿತು; ಒಂದು ಫೋನು ಚಪ್ಪಾಳೆಗೆ ನಿಂತಿತು, ಇನ್ನೊಂದು ಆಟೋದ ಹಾರ್ನಿಗೆ ನಿಂತಿತು. ಲೆಕ್ಕ ಮಾಡಿದರೆ ಶಬ್ದದ ವೇಗ ಸೆಕೆಂಡಿಗೆ 19 ಮೀಟರು.

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಬೀರುವಿಗೆ ಅತಿ ಹೆಚ್ಚು ಫೋನು ಒದಗಿಸಿದ ದಾನಿ ಅವನೇ. ‘ಟೀಚರ್, ಮೆಟ್ರೋ ಗಂಟೆಗೆ 80 ಕಿಲೋಮೀಟರ್ ಹೋಗುತ್ತೆ. ಅಂದ್ರೆ ಸೆಕೆಂಡಿಗೆ 22 ಮೀಟರ್. ಹಾಗಾದ್ರೆ ಉಪ್ಪಲ್ ಸ್ಟೇಷನ್ನಿನಲ್ಲಿ ಇವನು ನನ್ನನ್ನು ಕೂಗಿದರೆ, ನಾನು ಎನ್‌ಜಿಆರ್‌ಐ ಸ್ಟೇಷನ್ನಿನಲ್ಲಿ ಇಳಿದು ನಿಂತ ಮೇಲೆ ಕೂಗು ಬರಬೇಕಲ್ಲ?’ ‘ಮಧ್ಯೆ ಸ್ಟೇಡಿಯಂ ಸ್ಟೇಷನ್ನಿನಲ್ಲಿ ರೈಲು ನಿಲ್ಲುತ್ತೋ, ಅಷ್ಟರಲ್ಲಿ ಕೂಗು ದಾಟಿ ಹೋಗುತ್ತೆ’ ಎಂದು ಇನ್ನೊಬ್ಬಳು. ಕ್ಲಾಸು ಎರಡು ಪಂಗಡವಾಯಿತು. ಹಾರ್ನಿಗೆ ಓಗೊಡದಂತೆ ಆ್ಯಪಿನ ಕಿವಿಯನ್ನು ಸ್ವಲ್ಪ ಮಂದ ಮಾಡಬೇಕೆಂದು ಒಂದು ಪಂಗಡ. ಮಂದ ಮಾಡಿದರೆ ಚಪ್ಪಾಳೆಯೂ ಕೇಳಿಸದು, ಆದ್ದರಿಂದ ಸ್ಟೀಲು ಡಬ್ಬಿಯ ಮುಚ್ಚಳಕ್ಕೆ ಚಮಚದಿಂದ ಬಾರಿಸಬೇಕೆಂದು ಇನ್ನೊಂದು. ಎರಡನ್ನೂ ಮಾಡಿದೆವು, ಒಳಗಿನ ವರಾಂಡಕ್ಕೆ ಹೋಗಿ. 338 ಬಂತು, 361 ಬಂತು, 352 ಬಂತು. ಅಷ್ಟರಲ್ಲಿ ಪ್ರಿನ್ಸಿಪಾಲ್ ಮೇಡಂ ಮೇಲೆ ಬಂದರು. ಡಬ್ಬಿ, ಚಮಚ, ಚಪ್ಪಾಳೆ ಎಲ್ಲ ಕೇಳಿ ಯಾರದೋ ಬರ್ತ್‌ಡೇ ಎಂದುಕೊಂಡಿದ್ದರಂತೆ.

ಸರಾಸರಿ 350. ಗೂಗಲ್ಲಿಗೆ ಕೇಳಿದರೆ 343 ಎಂದಿತು. ಗೂಗಲ್ಲೇ ತಪ್ಪು ಎಂದು ಒಬ್ಬ ಘೋಷಿಸಿದ. 343 ಎಂಬುದು 20 ಡಿಗ್ರಿ ತಾಪದ ಗಾಳಿಯಲ್ಲಿ. ನಮ್ಮ ವರಾಂಡದ ಥರ್ಮಾಮೀಟರು ತೋರಿಸುತ್ತಿದ್ದುದು 34. ಡಿಗ್ರಿಗೆ ಸುಮಾರು 0.6 ಮೀಟರಿನಂತೆ ವೇಗ ಏರುತ್ತದೆ. ಅಂದರೆ ಫೋನು, ಡಬ್ಬಿ, ಚಮಚ ಮೂರೂ ಸೇರಿ ಉಪ್ಪಲಿನ ಸೆಕೆಯನ್ನೂ ಅಳೆದಿದ್ದವು. 1820ರ ಸುಮಾರಿಗೆ ಮದರಾಸಿನ ವೀಕ್ಷಣಾಲಯದಲ್ಲಿ ಜಾನ್ ಗೋಲ್ಡಿಂಗ್‌ಹ್ಯಾಮ್ ಎಂಬಾತ ಇದೇ ಕೆಲಸವನ್ನು ತೋಪುಗಳಿಂದ ಮಾಡಿಸಿದ್ದ. ಸೇಂಟ್ ಜಾರ್ಜ್ ಕೋಟೆಯಲ್ಲೂ ಸೇಂಟ್ ಥಾಮಸ್ ಬೆಟ್ಟದಲ್ಲೂ ಹಾರುವ ತೋಪಿನ ಬೆಂಕಿ ಕಂಡ ಕ್ಷಣದಿಂದ ಸದ್ದು ಮುಟ್ಟುವವರೆಗೆ ಎಣಿಸುವುದು, ಜೊತೆಗೆ ತಾಪ, ಗಾಳಿ, ತೇವ ಬರೆದಿಡುವುದು. ಅವನಿಗೆ ಹಾರ್ನಿನ ಕಾಟ ಇರಲಿಲ್ಲ.

ಅವತ್ತು ನನಗೆ ಒಂದು ಖಾತ್ರಿಯಾಯಿತು. ಫೋನು ಸರಿ ಉತ್ತರ ಹೇಳಿದಾಗ ಮಕ್ಕಳು ಬರೆದುಕೊಂಡು ಆಕಳಿಸುತ್ತಾರೆ. ಫೋನು 19 ಎಂದಾಗ ಜಗಳಕ್ಕೆ ಎದ್ದು ನಿಲ್ಲುತ್ತಾರೆ, ಪಾಠ ನಡೆಯುವುದು ಆಗ. ವಿಡಿಯೋ ಪಾಠ ಮಾರುವ ಕಂಪನಿಯವರು ಸ್ಟಾಫ್ ರೂಮಿಗೆ ಬಂದು ‘ನಮ್ಮದರಲ್ಲಿ ಡೌಟೇ ಬರಲ್ಲ ಮೇಡಂ’ ಎನ್ನುತ್ತಾರೆ. ಡೌಟು ಬಾರದ ಪಾಠ ತಗೊಂಡು ನಾನೇನು ಮಾಡಲಿ?

ಉತ್ಸಾಹದಲ್ಲಿ ಒಂದು ಹೋಂವರ್ಕು ಕೊಟ್ಟೆ. ನಮ್ಮ ಮಕ್ಕಳಲ್ಲಿ ಬಹಳಷ್ಟು ಜನರ ಮನೆ ಉಪ್ಪಲಿನ ಕ್ರಿಕೆಟ್ ಸ್ಟೇಡಿಯಮ್ಮಿನಿಂದ ಕೂಗಳತೆಯಲ್ಲಿದೆ. ಸಿಕ್ಸರು ಬಿದ್ದಾಗ ಸ್ಟೇಡಿಯಮ್ಮಿನ ಕೂಗು ಕೇಳಿಸಿದ ಕೂಡಲೇ ಎಣಿಸಲು ಶುರುಮಾಡಿ, ಅದೇ ಸಿಕ್ಸರು ಫೋನಿನಲ್ಲಿ ಎಷ್ಟು ಹೊತ್ತಿಗೆ ಕಾಣುತ್ತದೆ ಬರೆದು ತನ್ನಿ ಎಂದೆ. ಪರೀಕ್ಷೆ ಎದುರಿಗಿತ್ತು. ಪಾಲಕರ ವಾಟ್ಸಾಪ್ ಗ್ರೂಪಿನಲ್ಲಿ ತಾಯಂದಿರು ‘ಮ್ಯಾಚು ನೋಡೋದು ಹೋಂವರ್ಕಾ ಟೀಚರ್?’ ಎಂದು ಕೇಳಿದರು, ತಂದೆಯಂದಿರು ಕೈ ಮುಗಿಯುವ ಚಿತ್ರ ಕಳಿಸಿದರು.

ಮೊದಲ ದಿನವೇ ಕೆಟ್ಟಿತು. ಅದು 2024ರ ಮಾರ್ಚ್ 27. ಐಪಿಎಲ್‌ನಲ್ಲಿ ನಮ್ಮ ಹೈದರಾಬಾದಿನ ಸನ್‌ರೈಸರ್ಸ್ ಮುಂಬೈ ಮೇಲೆ 277 ಹೊಡೆದ ರಾತ್ರಿ. ಎರಡೂ ಕಡೆಯವರು ಸೇರಿ 38 ಸಿಕ್ಸರು. ಒಂದು ಕೂಗು ಇಳಿದರೆ ತಾನೆ ಇನ್ನೊಂದನ್ನು ಎಣಿಸುವುದು? ಮರುದಿನ ನೋಟ್‌ಬುಕ್ಕುಗಳಲ್ಲಿ ‘ಕೂಗು ನಿಲ್ಲಲೇ ಇಲ್ಲ’ ಎಂಬ ಒಂದೇ ವರದಿ.

ಮುಂದಿನ ಪಂದ್ಯಕ್ಕೆ ಮೊದಲು ನಾನೇ ಲೆಕ್ಕ ಕುದುರಿಸಿದೆ. ಕಿಲೋಮೀಟರು ದೂರದ ಮಾಳಿಗೆಗೆ ಕೂಗು ಮೂರೇ ಸೆಕೆಂಡಿನಲ್ಲಿ ಬರುತ್ತದೆ. ಬೆಳಕಿನ ವೇಗದ ಜಂಬದ ಫೋನು ಅರ್ಧ ನಿಮಿಷ ತಡ. ವಿಡಿಯೋವನ್ನು ಕೆಲವು ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಕುಗ್ಗಿಸಿ, ಎಲ್ಲೋ ಇರುವ ಸರ್ವರಿಗೆ ಕಳಿಸಿ, ಫೋನು ಎರಡು ಮೂರು ತುಂಡು ಕೂಡಿಹಾಕಿಕೊಂಡ ಮೇಲಷ್ಟೇ ತೋರಿಸುವುದು. ಇದನ್ನು ಬೋರ್ಡಿನ ಮೇಲೆ ಬರೆದು ವಿವರಿಸಿದೆ. ಬೀರುವಿನ ದಾನಿ ಎಂದಿಲ್ಲದ ಗಮನದಿಂದ ಕೇಳಿದ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಏಪ್ರಿಲ್ 5ರ ರಾತ್ರಿ ಚೆನ್ನೈ ಮೇಲೆ ಮ್ಯಾಚು. ಅವನು ತಮ್ಮ ಅಪಾರ್ಟ್‌ಮೆಂಟಿನ ಮಾಳಿಗೆಯ ಮೇಲೆ ಅಂಕಲ್‌ಗಳ ಗುಂಪಿನಲ್ಲಿ ಕೂತು, ಫೋನು ನೋಡದೆ ‘ಈ ಬಾಲು ಸಿಕ್ಸು’, ‘ಈ ಬಾಲು ಫೋರು’ ಎಂದು ಮಿರ್ಚಿ ಬಜ್ಜಿಯ ಪಣ ಕಟ್ಟತೊಡಗಿದ್ದ. ಕಿವಿ ಸ್ಟೇಡಿಯಮ್ಮಿನ ಕಡೆಗೆ. ಎದ್ದ ಕೂಗು ನಮ್ಮವರ ರನ್ನು, ತಟ್ಟನೆ ಮೌನವಾದರೆ ನಮ್ಮವರ ವಿಕೆಟ್ಟು. ಎದುರಾಳಿ ಬ್ಯಾಟು ಹಿಡಿದಿದ್ದರೆ ಅದರ ತಿರುಗುಮುರುಗು. ಅಂಕಲ್‌ಗಳು ಹುಡುಗನಿಗೆ ದೈವಶಕ್ತಿ ಇದೆ ಎಂದುಕೊಂಡಿದ್ದರು.

 ಚೆನ್ನೈ ಬ್ಯಾಟಿಂಗಿನ ಕೊನೆಯ ಓವರು. ಸ್ಟೇಡಿಯಂ ಒಮ್ಮೆ ಕೂಗಿತು. ‘ವಿಕೆಟ್ಟು’ ಎಂದ ನಮ್ಮ ಹುಡುಗ. ಉಸಿರೆಳೆಯುವಷ್ಟರಲ್ಲಿ ಅದರ ಎರಡರಷ್ಟು ದೊಡ್ಡ ಕೂಗು. ‘ಇನ್ನೊಂದು ವಿಕೆಟ್ಟು! ಎರಡು ಪ್ಲೇಟು!’ ಅರ್ಧ ನಿಮಿಷ ಬಿಟ್ಟು ಫೋನು ತೋರಿಸಿತು: ವಿಕೆಟ್ಟು ಒಂದೇ, ಆಮೇಲೆ ಧೋನಿ ಬ್ಯಾಟು ತಿರುಗಿಸುತ್ತಾ ಮೆಟ್ಟಿಲಿಳಿದು ಬರುತ್ತಿದ್ದಾನೆ. ಇಡೀ ಉಪ್ಪಲ್ ಎದ್ದು ನಿಂತು ಎದುರಾಳಿಗೆ ಕೂಗುತ್ತಿದೆ.

ಮರುದಿನ ಬೆಳಿಗ್ಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ಅವನು. ‘ಟೀಚರ್, ಶಬ್ದದ ವೇಗ ಸರಿಯಾಗೇ ಇತ್ತು. ಟೈಮಿಂಗೂ ಸರಿಯಾಗಿತ್ತು. ನಮ್ಮೂರಿನವರು ಧೋನಿಗೆ ಯಾಕೆ ಕೂಗ್ತಾರೆ? ಅದು ಯಾವ ಲೆಸನ್ನಿನಲ್ಲಿದೆ?’

‘ಸೈನ್ಸಿನಲ್ಲಿ ಇಲ್ಲಪ್ಪ. ಸೋಷಿಯಲ್ ಸಾರ್ ಹತ್ತಿರ ಕೇಳು’ ಎಂದೆ.

ಸೋಷಿಯಲ್ ಸಾರ್ ಅವತ್ತು ರಜೆ. ಹಿಂದಿನ ರಾತ್ರಿ ಹಳದಿ ಅಂಗಿ ತೊಟ್ಟು ಸ್ಟೇಡಿಯಮ್ಮಿನಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿತ್ತಂತೆ.