ದಾರದ ಮರ್ಜಿ

ಅಂಗಡಿಯಲ್ಲಿ ಕಸೂತಿ ದಾರದ ಲಡಿ ಬಲು ಸಾಧು. ಎಂಟು ಮೀಟರ್ ಉದ್ದ, ಆರು ಎಳೆ, ಮೈತುಂಬ ಹೊಳಪು. ಕ್ರಾಸ್ ಸ್ಟಿಚ್ ಹಾಕಲು ಕೂತಾಗಲೇ ಅದರ ಅಸಲಿ ಗುಣ ಗೊತ್ತಾಗುವುದು.

ಸೂಜಿಗೆ ಪದೇಪದೇ ಪೋಣಿಸುವ ಕಾಟ ಬೇಡವೆಂದು ಹೊಸಬರು ಮಾರುದ್ದ ಕತ್ತರಿಸುತ್ತಾರೆ. ಅದು ಬಟ್ಟೆಯಲ್ಲಿ ತೂರಿ ತೂರಿ ಜುಂಗು ಬಿಟ್ಟು, ಕೊನೆಗೆ ಸಿಕ್ಕಾಗುತ್ತದೆ. ಒಂದು ಮೊಳ ಸಾಕು. ಹೂವಾಡಗಿತ್ತಿಯ ಮೊಳವಲ್ಲ, 45 ಸೆಂಟಿಮೀಟರಿನ ಪ್ರಾಮಾಣಿಕ ಮೊಳ.

14 ಕೌಂಟ್ ಐಡಾ ಬಟ್ಟೆಗೆ, ಅಂದರೆ ಇಂಚಿಗೆ 14 ಚೌಕವಿರುವ ಬಟ್ಟೆಗೆ, ಸಾಮಾನ್ಯವಾಗಿ ಎರಡೆಳೆ. ಎರಡನ್ನೂ ಒಟ್ಟಿಗೆ ಜಗ್ಗಿದಿರೋ, ಉಳಿದ ನಾಲ್ಕು ಸುತ್ತಿಕೊಂಡು ಮುಷ್ಕರ ಹೂಡುತ್ತವೆ. ಒಂದೊಂದನ್ನೇ ನೇರ ಮೇಲಕ್ಕೆಳೆದು ಆಮೇಲೆ ಜೋಡಿಸಿ.

ಗಂಟಿನ ಮೋಹವನ್ನಂತೂ ಬಿಡಲೇಬೇಕು. ಚೌಕಟ್ಟು ಹಾಕಿಸಿದ ಮೇಲೂ ಅದು ಮೊಡವೆಯಂತೆ ಉಬ್ಬಿ ನಿಲ್ಲುತ್ತದೆ. ದಾರದ ತುದಿಯನ್ನು ಹಿಂಬದಿಯಲ್ಲಿ ಬೆರಳಿನಿಂದ ಒತ್ತಿಹಿಡಿದು, ಮೊದಲ ನಾಲ್ಕಾರು ಹೊಲಿಗೆಗಳ ಕೆಳಗೆ ಸಿಕ್ಕಿಸಿದರಾಯಿತು. ಧಾರವಾಡದ ಕಸೂತಿಯವರೂ ಗಂಟು ಹಾಕುವುದಿಲ್ಲ. ಅವರ ಮೆಂತಿ ಹೊಲಿಗೆಯೂ ಕ್ರಾಸ್ ಸ್ಟಿಚ್‌ನಂತೆ ಗುಣಾಕಾರದ ಗುರುತು ತಾನೆ?

ದಾರ ಹುರಿಗೊಂಡರೆ ಬಟ್ಟೆಯನ್ನೆತ್ತಿ ಹಿಡಿದು ಸೂಜಿಯನ್ನು ತೂಗುಬಿಡಿ. ಗಿರಗಿರನೆ ತಿರುಗಿ ತಾನೇ ಸಡಿಲವಾಗುತ್ತದೆ. ಬೆಕ್ಕು ಸಾಕಿದವರು ಮೊದಲು ಬಾಗಿಲು ಹಾಕಿಕೊಳ್ಳಿ.